ಸೈಕಲ್ ಚೌಕಟ್ಟಿನ ಅಳತೆಯೂ ಸವಾರನ ಕಾಲ್ಬೆರಳೂ

ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಹುಲ್ಲಿನ ಹೊರೆ ಹೊತ್ತು ಸಾಗುವ ಹಳೆಯ ಕರಿಯ ಸೈಕಲ್ಲಿಗೂ, ಮಂಡ್ಯ ನಗರದ ಯುವಕರು ಬೆಳಗಿನ ವ್ಯಾಯಾಮಕ್ಕೆ ಬಳಸುವ ರೇಸ್ ಸೈಕಲ್ಲಿಗೂ ಎರಡು ಚಕ್ರಗಳಿರುವುದಷ್ಟೇ ಸಾಮ್ಯ. ಒಂದು ಎತ್ತಿನಂತೆ ನಿಧಾನವಾಗಿ, ನೇರವಾಗಿ ಸಾಗುತ್ತದೆ. ಇನ್ನೊಂದು ಬೆರಳು ಸೋಕಿದರೆ ತಿರುಗುತ್ತದೆ. ಈ ಸ್ವಭಾವಭೇದದ ಮೂಲ ಬಹುಪಾಲು ಚೌಕಟ್ಟಿನ ಕೋನ ಮತ್ತು ಅಳತೆಗಳಲ್ಲಿದೆ.

ಮುಂದಿನ ಮತ್ತು ಹಿಂದಿನ ಚಕ್ರಗಳ ಅಚ್ಚುಗಳ ನಡುವಿನ ದೂರವನ್ನು ‘ವೀಲ್‌ಬೇಸ್’ ಎನ್ನುತ್ತಾರೆ. ನಮ್ಮ ಕರಿಯ ಸೈಕಲ್ಲಿನಲ್ಲಿ ಇದು ಸುಮಾರು 1,140 ಮಿಲಿಮೀಟರ್. ರೇಸ್ ಸೈಕಲ್ಲಿನಲ್ಲಿ 1,000ದ ಆಸುಪಾಸು. ಉದ್ದ ಹೆಚ್ಚಿದಂತೆ ಗುಂಡಿಯ ಕುಲುಕು ಕಡಿಮೆಯಾಗುತ್ತದೆ, ತಿರುವಿಗೆ ಹೆಚ್ಚು ಜಾಗ ಬೇಕಾಗುತ್ತದೆ. ಹಿಂದಿನ ಚಕ್ರ ಸೀಟಿನಿಂದ ದೂರವಿರುವುದರಿಂದ ಕ್ಯಾರಿಯರ್ ಮೇಲಿನ ಭಾರ ಅಚ್ಚಿನ ಮೇಲೆಯೇ ಕೂರುತ್ತದೆ. ಮದ್ದೂರಿನ ಮಾರುಕಟ್ಟೆಗೆ ಎಳನೀರಿನ ಗೊನೆ ಸಾಗಿಸುವವರಿಗೆ ಇದು ಸಣ್ಣ ಸಂಗತಿಯಲ್ಲ. ಭಾರ ಅಚ್ಚಿನಿಂದ ಹಿಂದಕ್ಕೆ ಜಾರಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೊನೆಯತೊಡಗುತ್ತದೆ. ಹ್ಯಾಂಡಲ್ಲಿಗೇ ಹಾಲಿನ ಕ್ಯಾನು ನೇತುಹಾಕಿದರಂತೂ ತಿರುಗಿಸುವ ಕೈಗೆ ಕ್ಯಾನಿನ ತೂಗಾಟವೇ ಎದುರಾಳಿ.

ಹ್ಯಾಂಡಲ್ ಕೂರುವ ಮುಂದಿನ ಗಿಡ್ಡ ಕೊಳವೆ ನೆಟ್ಟಗಿರದೆ ಹಿಂದಕ್ಕೆ ವಾಲಿರುತ್ತದೆ. ಆ ವಾಲಿನ ರೇಖೆಯನ್ನು ನೆಲದವರೆಗೆ ಎಳೆದರೆ, ಚಕ್ರ ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಅದು ನೆಲವನ್ನು ಸೇರುತ್ತದೆ. ಈ ಅಂತರವೇ ‘ಟ್ರೇಲ್’. ಚಕ್ರವು ಸವಾರಿಯ ದಿಕ್ಕನ್ನು ಹಿಂಬಾಲಿಸುವಂತೆ ಮಾಡುವುದರಲ್ಲಿ ಇದರ ಪಾತ್ರ ದೊಡ್ಡದು. ಕರಿಯ ಸೈಕಲ್ಲಿನಲ್ಲಿ ಕೊಳವೆ 68 ಡಿಗ್ರಿ ವಾಲಿದ್ದು, ಫೋರ್ಕ್ 80 ಮಿ.ಮೀ. ಮುಂದಕ್ಕೆ ಬಾಗಿದ್ದರೆ ಟ್ರೇಲ್ ಸುಮಾರು 57 ಮಿ.ಮೀ. ಬರುತ್ತದೆ. 73 ಡಿಗ್ರಿ ಕೋನ, 45 ಮಿ.ಮೀ. ಬಾಗುವಿಕೆಯ ರೇಸ್ ಸೈಕಲ್ಲಿನಲ್ಲಿಯೂ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಟ್ರೇಲ್ ಒಂದೇ ಆದರೂ ಎರಡರ ನಡೆ ಬೇರೆ. ಉದ್ದ, ಭಾರ, ಕೂರುವ ಭಂಗಿ ಎಲ್ಲವೂ ಸೇರಿಯೇ ಹಿಡಿತ ನಿರ್ಧಾರವಾಗುತ್ತದೆ. ಟ್ರೇಲ್ ಆಗಲಿ ಚಕ್ರದ ಗಿರಕಿಯ ಬಲವಾಗಲಿ ಇಲ್ಲದೆಯೂ ಸೈಕಲ್ ತಾನಾಗಿ ಸಮತೋಲ ಕಾಯಬಲ್ಲದೆಂದು ಸಂಶೋಧಕರು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದ್ದಾರೆ. ನೂರು ವರ್ಷಕ್ಕೂ ಹಳೆಯ ಈ ಯಂತ್ರದ ಗುಟ್ಟು ಇನ್ನೂ ಪೂರ್ತಿ ಬಿಟ್ಟುಕೊಟ್ಟಿಲ್ಲವೆಂಬುದು ಸೋಜಿಗ.

ಇನ್ನು ಕಾಲ್ಬೆರಳಿನ ವಿಷಯ. ಎಡಕ್ಕೆ ತಿರುಗುವಾಗ ಮುಂದಿನ ಚಕ್ರದ ಹಿಂಭಾಗ ಬಲಕ್ಕೆ ಸರಿಯುತ್ತದೆ. ಆ ಕ್ಷಣದಲ್ಲಿ ಬಲಪೆಡಲ್ ಮುಂದಿದ್ದು, ನಡುವೆ ಸಾಕಷ್ಟು ಜಾಗವಿರದಿದ್ದರೆ ಬೆರಳು ಟೈರಿಗೋ ಮಡ್‌ಗಾರ್ಡಿಗೋ ತಗಲುತ್ತದೆ. ವೇಗದಲ್ಲಿ ಹ್ಯಾಂಡಲ್ ಕೆಲವೇ ಡಿಗ್ರಿ ತಿರುಗುವುದರಿಂದ ಅಪಾಯ ಕಡಿಮೆ. ನಾಲೆಯ ಏರಿಯಲ್ಲಿ ಹಿಂದಿರುಗುವಾಗ, ಓಣಿಯ ಮೂಲೆಯಲ್ಲಿ, ಹೆದ್ದಾರಿಯ ಅಂಡರ್‌ಪಾಸ್ ಬಳಿ ನಿಧಾನವಾಗಿ ಹೊರಳುವಾಗಲೇ ತೊಂದರೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್ಲಿಗೆ ಪ್ರವೇಶ ನಿಷೇಧಿಸಿದ ಮೇಲೆ ಮಂಡ್ಯ, ಮದ್ದೂರಿನ ಸವಾರರಿಗೆ ಸರ್ವೀಸ್ ರಸ್ತೆಯೇ ಗತಿಯಾಯಿತು. ಅಲ್ಲಿ ಇಂಥ ತಿರುವುಗಳು ಸಹಜ.

ಪೆಡಲಿನ ನಡುಭಾಗದಿಂದ ಮುಂಚಕ್ರಕ್ಕೆ ಅಥವಾ ಮಡ್‌ಗಾರ್ಡಿಗೆ ಕನಿಷ್ಠ 89 ಮಿ.ಮೀ. ಅಂತರ ಇರಬೇಕೆಂದು, ಪಾದವನ್ನು ಪೆಡಲಿಗೆ ಬಿಗಿಯುವ ಸಾಧನವಿಲ್ಲದ ಸೈಕಲ್ಲುಗಳಿಗೆ ಅಮೆರಿಕದ ನಿಯಮ ವಿಧಿಸುತ್ತದೆ. ಕರಿಯ ಸೈಕಲ್ಲಿನಲ್ಲಿ ಮಡ್‌ಗಾರ್ಡನ್ನು ಕಳೆದರೂ 120 ಮಿ.ಮೀ.ಗೆ ಕೊರತೆಯಿಲ್ಲ. ಎತ್ತರ ಕಡಿಮೆಯಿದ್ದವರಿಗೆಂದು ಚೌಕಟ್ಟನ್ನು ಗಿಡ್ಡ ಮಾಡಿ ಚಕ್ರವನ್ನು ಮಾತ್ರ ದೊಡ್ಡದೇ ಉಳಿಸಿದಾಗ ಈ ಜಾಗ ಕರಗುತ್ತದೆ. ಗಿಡ್ಡ ಚೌಕಟ್ಟಿಗೆ ಚಿಕ್ಕ ಚಕ್ರವೇ ಸರಿಯಾದ ಜೋಡಿ.

ಇದು ಮಕ್ಕಳ ಮಟ್ಟಿಗೆ ಹೆಚ್ಚು ಮುಖ್ಯ. 2006–07ರಲ್ಲಿ ಆರಂಭವಾಗಿ ಕೋವಿಡ್ ಕಾಲದಲ್ಲಿ ಸ್ಥಗಿತಗೊಂಡ ರಾಜ್ಯ ಸರ್ಕಾರದ ಉಚಿತ ಸೈಕಲ್ ವಿತರಣೆ ಎಂಟನೇ ತರಗತಿಯ ಮಕ್ಕಳಿಗೆ ಸೀಮಿತವಾಗಿತ್ತು. ಒಂದೇ ತರಗತಿಯ ಮಕ್ಕಳ ಎತ್ತರವಾದರೋ ಒಂದೇ ಆಗಿರುವುದಿಲ್ಲ. ಸೈಕಲ್ ಸಿಗದ ಮನೆಯಲ್ಲಿ ಅಪ್ಪನ ಸೈಕಲ್ಲೇ ಆಸರೆ. ಒಳಪೆಡಲ್ ಹೊಡೆಯುತ್ತಲೇ ಕಲಿಯಬೇಕು. ಮಕ್ಕಳು ಪಾದದ ನಡುಭಾಗವನ್ನು ಪೆಡಲಿನ ಮೇಲಿಡುವುದರಿಂದ ಬೆರಳು ಇನ್ನಷ್ಟು ಮುಂದೆ ಚಾಚಿರುತ್ತದೆ. ಬರಿಗಾಲು ಅಥವಾ ಹವಾಯಿ ಚಪ್ಪಲಿಯಾದರೆ ಮಡ್‌ಗಾರ್ಡಿನ ತಗಡಿನ ಅಂಚು ಚರ್ಮವನ್ನೇ ಕೀಳಬಹುದು.

ಮಳವಳ್ಳಿಯ ಕಡೆಯಾಗಲಿ ಮಂಡ್ಯದಲ್ಲಾಗಲಿ ಹಳೆಯ ಸೈಕಲ್ ಕೊಳ್ಳುವವರು ಬಣ್ಣಕ್ಕಿಂತ ಮೊದಲು ಫೋರ್ಕನ್ನು ನೋಡಬೇಕು. ಎದುರಿನಿಂದ ಗುದ್ದಿದ ಸೈಕಲ್ಲಿನ ಫೋರ್ಕ್ ಹಿಂದಕ್ಕೆ ಬಾಗಿರುತ್ತದೆ. ಆಗ ವೀಲ್‌ಬೇಸ್ ಕುಗ್ಗುತ್ತದೆ, ಟ್ರೇಲ್ ಹೆಚ್ಚಿ ಹ್ಯಾಂಡಲ್ ಜಡವಾಗುತ್ತದೆ, ಬೆರಳಿನ ಜಾಗವೂ ಹೋಗುತ್ತದೆ. ಕೆಳಗಿನ ಕೊಳವೆ ಮುಂಭಾಗದಲ್ಲಿ ಉಬ್ಬಿದ್ದರೆ ಅಥವಾ ಅಲ್ಲಿ ಬಣ್ಣ ಬಿರಿದಿದ್ದರೆ ಚೌಕಟ್ಟೇ ಬಾಗಿದೆಯೆಂದು ಅರ್ಥ. ಪರೀಕ್ಷೆ ಸುಲಭ: ಒಬ್ಬರು ಹಿಡಿದುಕೊಳ್ಳಲಿ, ಸವಾರಿ ಮಾಡುವ ಮಗು ಸೀಟಿನ ಮೇಲೆ ಕೂತು ಒಂದು ಪೆಡಲನ್ನು ಮುಂದಕ್ಕೆ ಸಮತಟ್ಟಾಗಿ ತಂದು ಹ್ಯಾಂಡಲನ್ನು ಎರಡೂ ಬದಿಗೆ ತಿರುಗಿಸಲಿ, ಬಳಿಕ ಇನ್ನೊಂದು ಕಾಲಿನಿಂದಲೂ ಹಾಗೆಯೇ ಮಾಡಲಿ. ಬೆರಳು ತಾಗಿದರೆ ಆ ಸೈಕಲ್ ಆ ಮಗುವಿಗೆ ತಕ್ಕದ್ದಲ್ಲ.