ಒಂದೇ ಹೊಳೆ, ಎರಡು ತೋಟ

ಕಾಲೇಜು ಬಿಟ್ಟು ಬಸ್ ಸ್ಟಾಪಿಗೆ ಬಂದರೆ ನಾವು ದಿನಾ ಓದೋ ಹೆಸರು ಸುಂಕದಕಟ್ಟೆ. ಸುಂಕ ಅಂದ್ರೆ ತೆರಿಗೆ, ಕಟ್ಟೆ ಅಂದ್ರೆ ಅದನ್ನ ವಸೂಲಿ ಮಾಡೋ ಜಾಗ. ಇವತ್ತಿನ ಮಾತಲ್ಲಿ ಟೋಲ್ ಗೇಟ್. ಮಾಗಡಿ ರಸ್ತೆಯ ಮೇಲಿರುವ ನಮ್ಮ ಊರಿನ ಹೆಸರಲ್ಲೇ ಒಂದು ಗಡಿ ಕೂತಿದೆ. ಈಗ ಇಲ್ಲಿ ಸುಂಕ ಕೇಳೋರೂ ಇಲ್ಲ, ಕಟ್ಟೋರೂ ಇಲ್ಲ. ಉಳಿದಿರೋದು ಹೆಸರು ಮತ್ತು ಟ್ರಾಫಿಕ್.

ಆದರೆ ಇನ್ನೊಂದು ಗಡಿಯನ್ನು ಈ ಕಡೆಯ ಜನ ಮರೆತಿಲ್ಲ. 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಾಟೆಯಲ್ಲಿ ತಮಿಳುನಾಡು ನೋಂದಣಿಯ ಬಸ್ಸು, ಲಾರಿಗಳು ಸುಟ್ಟುಹೋದವು. ನಮ್ಮ ಪಕ್ಕದ ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ಯುವಕ ಸತ್ತ. ಕಾಮಾಕ್ಷಿಪಾಳ್ಯ, ವಿಜಯನಗರ, ರಾಜಾಜಿನಗರ, ಕೆಂಗೇರಿ ಸೇರಿ 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಹಾಕಿದ್ದರು. ಆಗ ನಾವಿನ್ನೂ ಸ್ಕೂಲಲ್ಲಿದ್ದೋರು. ಈಗ ನಮ್ಮ ಬೆಂಚಲ್ಲಿ ಮಂಡ್ಯದೋರೂ ಇದ್ದಾರೆ, ಹೊಸೂರಿನೋರೂ ಇದ್ದಾರೆ. ಕಾವೇರಿ ಮಾತು ಬಂದ್ರೆ ಸಾಕು, ಎರಡೂ ಕಡೆಯೋರು ಟಿಎಂಸಿ ಲೆಕ್ಕ ಹೇಳ್ತಾರೆ, ಇಲ್ಲಾಂದ್ರೆ ಸುಮ್ಮನಾಗ್ತಾರೆ. ಟಿಎಂಸಿಯಲ್ಲಿ ಅಳೆಯೋಕಾಗದ, ಆದರೂ ಎರಡೂ ಕಡೆಗೆ ಸೇರಿದ ಒಂದು ಆಸ್ತಿ ಇದೆ: ನಮ್ಮ ಹಳೆಯ ತೋಟಗಳು. ಈ ಲೇಖನ ಅದರ ಬಗ್ಗೆ.

ಮೊದಲು ಲಾಲ್‌ಬಾಗ್ ನೋಡೋಣ. ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಸೀದಾ ತಲುಪಬಹುದು. 1760ರಲ್ಲಿ ಹೈದರಾಲಿ ಇದನ್ನು ಶುರು ಮಾಡಿದಾಗ ಮಾದರಿಯಾಗಿದ್ದು ಶಿರಾದ ಮೊಘಲ್ ತೋಟ. ಶಿರಾಕ್ಕೆ ಆ ಶೈಲಿ ಬಂದದ್ದು ಉತ್ತರದಿಂದ, ಉತ್ತರಕ್ಕೆ ಬಂದದ್ದು ಪರ್ಷಿಯಾದಿಂದ. ಟಿಪ್ಪು ಹೊರದೇಶಗಳಿಂದ ಬೀಜ, ಸಸಿ ತರಿಸಿದ. ಅಂದರೆ ನಾವು ‘ನಮ್ಮ ಬೆಂಗಳೂರಿನ ತೋಟ’ ಅನ್ನೋದರ ನಕ್ಷೆಯೂ ಹೊರಗಿನದು, ಗಿಡಗಳಲ್ಲಿ ಎಷ್ಟೋ ಹೊರಗಿನವು.

ಸರಿ, ಕೈಗಳು ಯಾರವು? ಬೆಂಗಳೂರಿನ ತೋಟಗಾರಿಕೆ ಅಂದರೆ ತಿಗಳರು. ಹಳೆಗನ್ನಡದಲ್ಲಿ ‘ತಿಗುಳ’ ಅಂದರೆ ತಮಿಳ ಅಂತಲೇ ಅರ್ಥ. ಹೂವು, ಸೊಪ್ಪು, ತರಕಾರಿ ಬೆಳೆದು ಈ ಊರನ್ನು ಸಾಕಿದ ಈ ಸಮುದಾಯದ ಕರಗ ಇಲ್ಲದೆ ಬೆಂಗಳೂರಿನ ಚೈತ್ರ ಮುಗಿಯೋದೇ ಇಲ್ಲ. ಇದರಲ್ಲಿ ಯಾವುದು ಹೊರಗಿನದು, ಯಾವುದು ಒಳಗಿನದು ಅಂತ ಬೇರ್ಪಡಿಸಿ ತೋರಿಸಿ ನೋಡೋಣ.

ಇನ್ನೊಂದು ಉದಾಹರಣೆ ನಮ್ಮ ಮೆಸ್ಸಿನ ಸಾಂಬಾರಿನಲ್ಲೇ ಇದೆ. ಸೀಮೆಬದನೆಕಾಯಿಯ ಮೂಲ ಮೆಕ್ಸಿಕೋ ಕಡೆ. ಇದನ್ನು ಬೆಂಗಳೂರಿಗೆ ಪರಿಚಯಿಸಿದ್ದು 1874ರಿಂದ 1908ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮರಾನ್ ಅಂತಾರೆ. ನಾವು ಅದನ್ನು ‘ಸೀಮೆ’ಯದು, ಅಂದರೆ ಪರದೇಶದ್ದು ಅಂದೆವು. ತಮಿಳರು ಅದಕ್ಕೆ ಇಟ್ಟ ಹೆಸರು ‘ಬೆಂಗಳೂರು ಕತ್ತರಿಕ್ಕಾಯ್’. ನಮಗೆ ಪರದೇಶಿ, ಅವರಿಗೆ ಬೆಂಗಳೂರಿಗ!

ಈಗ ಊಟಿಗೆ ಹೋಗೋಣ. ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ಬೋರ್ಡುಗಳ ಲಿಪಿ ಬದಲಾಗುತ್ತೆ. ಆದರೆ ಬೆಟ್ಟದ ಬಡಗರ ಮಾತು ಕೇಳಿ, ಅದು ಕನ್ನಡಕ್ಕೆ ಎಷ್ಟು ಹತ್ತಿರ ಅಂತ ಗೊತ್ತಾಗುತ್ತೆ. ‘ಬಡಗ’ ಅಂದರೆ ಬಡಗಣ ದಿಕ್ಕಿನವರು, ಉತ್ತರದಿಂದ, ಅಂದರೆ ಮೈಸೂರು ಸೀಮೆಯಿಂದ ಬಂದವರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಬೆಟ್ಟಗಳು ಕಂಪನಿಯ ಪಾಲಾದವು. 1848ರಲ್ಲಿ ಮೆಕೈವರ್ ಎಂಬ ತೋಟಗಾರ ಬಂದು ಊಟಿಯ ಸಸ್ಯೋದ್ಯಾನ ಕಟ್ಟಿದ. ಅವನು ಪಳಗಿದ್ದು ಲಂಡನ್ನಿನ ಕ್ಯೂ ತೋಟದಲ್ಲಿ. ಹತ್ತು ವರ್ಷಗಳ ನಂತರ ಲಾಲ್‌ಬಾಗ್‌ಗೆ ಬಂದ ವಿಲಿಯಂ ನ್ಯೂ ಕೂಡ ಕ್ಯೂನವನೇ. ಒಂದೇ ಗರಡಿಯ ಇಬ್ಬರು.

1956ರಲ್ಲಿ ರಾಜ್ಯಗಳ ಗೆರೆ ಮತ್ತೆ ಎಳೆದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಈ ಕಡೆಗೆ ಬಂತು, ನೀಲಗಿರಿ ಆ ಕಡೆಯೇ ಉಳಿಯಿತು. ಮೈಸೂರು ಅರಸರ ಬೇಸಿಗೆ ಅರಮನೆ ಇದ್ದದ್ದು ಊಟಿಯ ಫರ್ನ್‌ಹಿಲ್‌ನಲ್ಲಿ. ಅಲ್ಲಿ ಇವತ್ತಿಗೂ ಕರ್ನಾಟಕದ ತೋಟಗಾರಿಕೆ ಇಲಾಖೆಯ ಸುಮಾರು 38 ಎಕರೆ ಉದ್ಯಾನ ಇದೆ, ಹೆಸರು ‘ಕರ್ನಾಟಕ ಸಿರಿ’. ನೆಲ ತಮಿಳುನಾಡಿನಲ್ಲಿದೆ, ನೋಡಿಕೊಳ್ಳೋದು ಕರ್ನಾಟಕ, ಟಿಕೆಟ್ ತಗೊಂಡು ಒಳಗೆ ಹೋಗೋರು ಎಲ್ಲ ಕಡೆಯೋರು.

ಇನ್ನು ಜಗಳದ ಜಾಗಕ್ಕೇ ಬರೋಣ. 1924ರಲ್ಲಿ ಮೈಸೂರು ಮತ್ತು ಮದ್ರಾಸ್ ಸರ್ಕಾರಗಳ ನಡುವೆ ಕಾವೇರಿ ಒಪ್ಪಂದ ಆಯಿತು. ಅದರಡಿ ಈ ಕಡೆ ಕನ್ನಂಬಾಡಿ ಕಟ್ಟೆ ಪೂರ್ತಿಯಾಯಿತು, ಆ ಕಡೆ 1934ರಲ್ಲಿ ಮೆಟ್ಟೂರು ಮುಗಿಯಿತು. ಕನ್ನಂಬಾಡಿಯ ಬುಡದಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಬೃಂದಾವನ ಮಾಡಿಸಿದರು. ಮಾದರಿ ಕಾಶ್ಮೀರದ ಶಾಲಿಮಾರ್. ಅದರ ವಿನ್ಯಾಸದಲ್ಲಿ ಕೈಯಿದ್ದದ್ದು ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರದು. ಅವರೂ ಕ್ಯೂನಲ್ಲಿ ಕೆಲಸ ಮಾಡಿ, ಬರೋಡಾದಲ್ಲಿದ್ದು, 1908ರಲ್ಲಿ ಲಾಲ್‌ಬಾಗ್‌ಗೆ ಬಂದವರು.

ಅಣೆಕಟ್ಟಿನ ಬುಡದಲ್ಲೇ ತೋಟ ಯಾಕೆ? ಸಿವಿಲ್‌ನೋರಿಗೆ ಗೊತ್ತಿರುತ್ತೆ, ಉಳಿದೋರಿಗಾಗಿ ಹೇಳ್ತೀವಿ. ನೀರು ಮೇಲಿದ್ದು ತೋಟ ಕೆಳಗಿದ್ದರೆ ಎತ್ತರವೇ ಒತ್ತಡ ಕೊಡುತ್ತೆ. 10 ಮೀಟರ್ ನೀರಿನ ಎತ್ತರಕ್ಕೆ ಹೆಚ್ಚುಕಡಿಮೆ ಒಂದು ವಾತಾವರಣದಷ್ಟು. ಮೆಟ್ಟಿಲು ಮೆಟ್ಟಿಲಾಗಿ ನೆಲ ಕಡಿದರೆ ಕಾಲುವೆಯ ನೀರು ತಾನಾಗಿ ಇಳಿಯುತ್ತೆ. ಶಾಲಿಮಾರ್‌ನ ಕಾರಂಜಿಗಳು 17ನೇ ಶತಮಾನದಲ್ಲಿ ಪಂಪ್ ಇಲ್ಲದೆ ಚಿಮ್ಮಿದ್ದು ಹೀಗೆ.

ಮೆಟ್ಟೂರು ಕಟ್ಟೆಯ ಬುಡದಲ್ಲೂ ಒಂದು ಉದ್ಯಾನ ಇದೆ. ಭಾನುವಾರ ಅಲ್ಲಿ ಸೇಲಂ, ಈರೋಡಿನ ಸಂಸಾರಗಳು ಬುತ್ತಿ ಬಿಚ್ಚುತ್ತವೆ, ಇಲ್ಲಿ ಮಂಡ್ಯ, ಮೈಸೂರಿನವು. ಬೃಂದಾವನದ ಪಕ್ಕ ಹಾದ ಹೊಳೆಯೇ ಮುಂದೆ ಮೆಟ್ಟೂರು ಸೇರೋದು. ಗಲಾಟೆ ಜೋರಾದಾಗ ಬೃಂದಾವನಕ್ಕೆ ಪ್ರವಾಸಿಗರನ್ನು ಬಿಡದೆ ಬಾಗಿಲು ಹಾಕಿದ್ದೂ ಉಂಟು.

ಇದಕ್ಕೆ ಬೇರೆ ದಾರಿ ಇಲ್ವಾ ಅಂದ್ರೆ, ಇದೆ. ಜರ್ಮನಿಯ ಮುಸ್ಕಾವ್‌ನಲ್ಲಿ ಪ್ಯೂಕ್ಲರ್ ಎಂಬ ಜಮೀನ್ದಾರ 1815ರಿಂದ ನೈಸೆ ನದಿಯ ಎರಡೂ ದಡಗಳಲ್ಲಿ ಒಂದು ದೊಡ್ಡ ತೋಟ ಮಾಡಿದ. 1945ರಲ್ಲಿ ಆ ನದಿಯೇ ಜರ್ಮನಿ-ಪೋಲೆಂಡ್ ಗಡಿ ಆಯಿತು, ತೋಟ ನಡುವೆ ಸೀಳಿತು. ಸುಮಾರು 560 ಹೆಕ್ಟೇರಿನಲ್ಲಿ ಹೆಚ್ಚಿನ ಪಾಲು ಪೋಲೆಂಡಿಗೆ ಹೋಯಿತು. ಯುದ್ಧದ ಗಾಯ ಇನ್ನೂ ಹಸಿಯಾಗಿದ್ದ ಎರಡು ದೇಶ. ಆದರೂ ಆಮೇಲೆ ಎರಡೂ ಕಡೆಯ ತಜ್ಞರು ಒಟ್ಟಿಗೆ ಕೂತು, ಹಳೆ ನಕ್ಷೆ ನೋಡಿ ದಾರಿಗಳನ್ನು ಸರಿಮಾಡಿದರು, ಸೇತುವೆಗಳನ್ನು ಮತ್ತೆ ಕಟ್ಟಿದರು. 2004ರಲ್ಲಿ ಯುನೆಸ್ಕೋ ಅದನ್ನು ಎರಡೂ ದೇಶಗಳ ಒಂದೇ ಪರಂಪರೆಯಾಗಿ ಪಟ್ಟಿಗೆ ಸೇರಿಸಿತು. ಗಡಿ ಅಲ್ಲೇ ಇದೆ, ತೋಟ ಮಾತ್ರ ಒಂದೇ.

ತೋಟ ನೋಡಿದರೆ ನೀರಿನ ಜಗಳ ಮುಗಿಯುತ್ತೆ ಅಂತ ನಾವು ಹೇಳ್ತಿಲ್ಲ. ಮಳೆ ಕಮ್ಮಿಯಾದ ವರ್ಷ ಮಂಡ್ಯದ ರೈತನ ಸಂಕಟವೂ ನಿಜ, ತಂಜಾವೂರಿನ ರೈತನದೂ ನಿಜ. ಆದರೆ ಹಂಚಿಕೊಂಡರೆ ಕಮ್ಮಿಯಾಗೋದು ನೀರು. ಹಂಚಿಕೊಂಡಷ್ಟೂ ಉಳಿಯೋದು ತೋಟ, ಯಾಕಂದ್ರೆ ಅದನ್ನು ನೋಡಿಕೊಳ್ಳೋ ಕೈ, ಕೇಳೋ ಬಾಯಿ ಎರಡೂ ಹೆಚ್ಚಾಗುತ್ತೆ. ಈ ಎರಡು ಲೆಕ್ಕಗಳನ್ನು ಒಂದೇ ಪುಸ್ತಕದಲ್ಲಿ ಬರೆಯಬಾರದು.

ನಮ್ಮ ಕೈಲಾಗೋದು ಚಿಕ್ಕದು. ಲಾಲ್‌ಬಾಗ್‌ನ ಮರಗಳ ಹೆಸರುಗಳನ್ನು ಕನ್ನಡ, ತಮಿಳು ಎರಡರಲ್ಲೂ ಪಟ್ಟಿ ಮಾಡೋಣ ಅಂತ ಸಂಘದಲ್ಲಿ ಮಾತಾಡಿಕೊಂಡಿದ್ದೀವಿ. ತಮಿಳು ಹೆಸರು ಹೇಳೋಕೆ ಹೊಸೂರಿನ ಗೆಳೆಯ ಒಪ್ಪಿದ್ದಾನೆ, ಕನ್ನಡದ್ದು ಮಂಡ್ಯದೋಳು ನೋಡಿಕೊಳ್ತಾಳೆ. ಮೊದಲ ಸಾಲು ಈಗಾಗಲೇ ಬರೆದಾಗಿದೆ, ಅದು ಮರ ಅಲ್ಲ, ಬಳ್ಳಿ: ಸೀಮೆಬದನೆ, ಬೆಂಗಳೂರು ಕತ್ತರಿಕ್ಕಾಯ್. ಎರಡನೇ ಸಾಲಿಗೆ ನೀವೂ ಬನ್ನಿ.