ದುಬೈ ಶಾಲೆಯಲ್ಲಿ ಟೀಚರ್ ಕೆಲಸವೇ? ಬೇಸಿಕ್ ಎಷ್ಟು, ಮೊದಲು ಕೇಳಿ

"ತಿಂಗಳಿಗೆ 5,000 ದಿರ್ಹಮ್" ಅಂದ ಕೂಡಲೇ ಸಹಿ ಹಾಕಬೇಡಿ. ಅದರಲ್ಲಿ ಬೇಸಿಕ್, ಅಂದರೆ ಮೂಲ ವೇತನ ಎಷ್ಟು, ಮನೆ ಬಾಡಿಗೆ ಮತ್ತು ಓಡಾಟದ ಭತ್ಯೆ ಎಷ್ಟು ಅಂತ ಬಿಡಿಸಿ ಕೇಳಿ. ಯಾಕೆಂದರೆ ಕೆಲಸ ಬಿಟ್ಟು ಊರಿಗೆ ಹೊರಡುವಾಗ ಸಿಗುವ ಗ್ರಾಚ್ಯುಟಿಯ ಲೆಕ್ಕ ಬೇಸಿಕ್ ಮೇಲೆ ಮಾತ್ರ.

ಯುಎಇ ಕಾರ್ಮಿಕ ಕಾನೂನಿನಂತೆ ಒಂದು ವರ್ಷ ಪೂರೈಸಿದವರಿಗೆ ಮೊದಲ 5 ವರ್ಷ ತಲಾ 21 ದಿನದ, ಆಮೇಲೆ ತಲಾ 30 ದಿನದ ಬೇಸಿಕ್ ಸೇರುತ್ತದೆ. ಬೇಸಿಕ್ 3,000 ಇದ್ದರೆ 5 ವರ್ಷಕ್ಕೆ 10,500 ದಿರ್ಹಮ್. 2,000 ಇದ್ದರೆ ಬರೀ 7,000. ತಿಂಗಳ ಸಂಬಳ ಮಾತ್ರ ಇಬ್ಬರಿಗೂ ಅದೇ 5,000!

ಒಪ್ಪಂದದ ಪ್ರತಿ ನಿಮ್ಮ ಹತ್ತಿರ ಇರಲಿ. ಪಾಸ್‌ಪೋರ್ಟ್ ಇಟ್ಟುಕೊಳ್ಳಲು ಶಾಲೆಗೆ ಅಧಿಕಾರವಿಲ್ಲ. ವೀಸಾ ಕೆಲಸ ಮುಗಿದೊಡನೆ ಸಂಕೋಚ ಬಿಟ್ಟು ವಾಪಸ್ ಕೇಳಿ.