ಮೊಟ್ಟೆ ಬೇಯುವ ಹದ

ಮೊಟ್ಟೆ ಬೇಯಿಸುವುದೂ ಒಂದು ವಿದ್ಯೆಯೇ ಎಂದು ನಗುವವರುಂಟು. ಆದರೆ ಹಳದಿಯ ಸುತ್ತ ಹಸುರು ಬಳೆಯನ್ನು ಕಂಡು, ಕೆಟ್ಟಿತೆಂದು ಚೆಲ್ಲಿದ ಗೃಹಿಣಿಯರೂ ಕಡಮೆಯಲ್ಲ. ಅದು ಕೆಟ್ಟದ್ದಲ್ಲ, ಅತಿಯಾಗಿ ಬೆಂದದ್ದು. ಬಿಳಿಯಿಂದ ಹೊರಡುವ ಗಂಧಕದ ಅನಿಲವು ಹಳದಿಯಲ್ಲಿರುವ ಕಬ್ಬಿಣದೊಡನೆ ಕೂಡಿದಾಗ ಆ ಬಣ್ಣ ಹುಟ್ಟುತ್ತದೆ, ತಿಂದರೆ ಬಾಧಕವಿಲ್ಲ.

ಬಿಳಿಯು ಸುಮಾರು 62 ಡಿಗ್ರಿ ಸೆಂಟಿಗ್ರೇಡಿನಲ್ಲಿ ಗಟ್ಟಿಯಾಗತೊಡಗುತ್ತದೆ. ಹಳದಿಗೆ 65ರಿಂದ 70 ಬೇಕು. ಹದದ ಗುಟ್ಟೆಲ್ಲ ಈ ಅಂತರದಲ್ಲಿದೆ. ಕುದಿಯುವ ನೀರಿಗೆ ಮೆಲ್ಲನೆ ಇಳಿಸಿದ ಮಧ್ಯಮ ಗಾತ್ರದ ಮೊಟ್ಟೆಯ ಹಳದಿ 6 ನಿಮಿಷಕ್ಕೆ ಇನ್ನೂ ಹರಿಯುವಂತಿರುತ್ತದೆ, 8ಕ್ಕೆ ಮೆತ್ತಗಾಗುತ್ತದೆ, 11ಕ್ಕೆ ಗಟ್ಟಿಯಾಗುತ್ತದೆ. ಇದು ಸಮುದ್ರತೀರದ ಲೆಕ್ಕ. 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಇನ್ನರ್ಧ ನಿಮಿಷ ಕೊಡಬೇಕು. ಮಂಗಳೂರಿನಿಂದ ಬಂದ ಸೊಸೆಯ ಲೆಕ್ಕ ಇಲ್ಲಿ ತಪ್ಪಿದರೆ ಅತ್ತೆಯವರು ಕ್ಷಮಿಸಲಿ!

ಒಲೆಯಿಂದಿಳಿಸಿದೊಡನೆ ತಣ್ಣೀರಿಗೆ ಹಾಕಬೇಕು. ಇಲ್ಲವಾದರೆ ಒಳಗಿನ ಬಿಸಿಯೇ ಬೇಯಿಸುತ್ತ ಹೋಗುತ್ತದೆ.

ಜ್ವರ ಬಿಟ್ಟೆದ್ದವರಿಗೆ ಅರೆಬೆಂದ ಮೊಟ್ಟೆ ಶಕ್ತಿದಾಯಕವೆಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಹರಿಯುವ ಹಳದಿಯಲ್ಲಿ ಸಾಲ್ಮೊನೆಲ್ಲ ರೋಗಾಣು ಉಳಿದಿರಬಹುದು. ರೋಗಿಗಳಿಗೆ, ಬಸುರಿಯರಿಗೆ, ವೃದ್ಧರಿಗೆ, ಎಳೆಯ ಮಕ್ಕಳಿಗೆ ಪೂರ್ಣ 12 ನಿಮಿಷ ಬೆಂದದ್ದನ್ನೇ ಬಡಿಸಬೇಕು. ಹಸುರು ಬಳೆ ಮೂಡಿದರೂ ಚಿಂತೆಯಿಲ್ಲ.